ಫಾಂಟಾನಾದ ಆಚೆ ದಡದ ಸಮಾಧಿಗಳು: ನನ್ನ ಅನುಭವ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಸ್ಮೋಕಿ ಪರ್ವತಗಳಲ್ಲಿ, ಫಾಂಟಾನಾ ಜಲಾಶಯದ ಉತ್ತರ ದಡಕ್ಕೆ ಸೇರಿದ ಹೇಜಲ್ ಕ್ರೀಕ್ ಕಣಿವೆಯ ಸಮಾಧಿಗಳನ್ನು ದಾಖಲಿಸುವ ಕೆಲಸಕ್ಕೆ ನನ್ನನ್ನು ಕರೆದೊಯ್ದವರು ನಮ್ಮ ನೆರೆಮನೆಯ ಹಿರಿಯರು. ಅವರ ತಾಯಿ ಹುಟ್ಟಿದ್ದು ಆ ಕಣಿವೆಯಲ್ಲಿ. ಯುದ್ಧಕಾಲದ ಅಲ್ಯೂಮಿನಿಯಂ ಕಾರ್ಖಾನೆಗಳಿಗೆ ವಿದ್ಯುತ್ ಬೇಕೆಂದು 1942ರಲ್ಲಿ ಆರಂಭಿಸಿದ 480 ಅಡಿ ಎತ್ತರದ ಅಣೆಕಟ್ಟಿನ ಹಿಂದೆ 1944ರಲ್ಲಿ ನೀರು ನಿಂತಾಗ, ಕಣಿವೆಗಿದ್ದ ಹಳೆಯ ರಸ್ತೆ ಮುಳುಗಿತು. ಯುದ್ಧ ಮುಗಿದ ಮೇಲೆ ಹೊಸ ರಸ್ತೆ ಮಾಡಿಕೊಡುವುದಾಗಿ 1943ರ ಒಪ್ಪಂದದಲ್ಲಿ ಮಾತು ಕೊಟ್ಟಿದ್ದರೂ ಕೆಲವೇ ಮೈಲಿ ಸಾಗಿದ ಕೆಲಸ ಒಂದು ಸುರಂಗದ ಬಳಿ ನಿಂತುಹೋಯಿತು. ಕೊನೆಗೆ 2010ರಲ್ಲಿ, ರಸ್ತೆಯ ಬದಲಾಗಿ ಅಲ್ಲಿನ ಜಿಲ್ಲಾಡಳಿತವಾದ ಸ್ವೇನ್ ಕೌಂಟಿಗೆ 5.2 ಕೋಟಿ ಡಾಲರ್ ಕೊಡುವುದೆಂದು ತೀರ್ಮಾನವಾಯಿತು. ಶರಾವತಿಯ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರ ಮೊಮ್ಮಗಳಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡೆಕೊರೇಷನ್ ಡೇ ಎಂದು ಕರೆಯುವ ದಿನ ಕುಟುಂಬಗಳು ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ, ಸಮಾಧಿಗಳ ಕಸ ತೆಗೆದು, ಮಣ್ಣು ಏರಿಸಿ, ಹೂವಿಟ್ಟು, ಅಲ್ಲೇ ಒಟ್ಟಿಗೆ ಊಟ ಮಾಡುತ್ತವೆ. ಮೊದಲ ವರ್ಷ ನಾನು ಅಕ್ಷರ ಕಾಣಲೆಂದು ಒಂದು ಕಲ್ಲಿಗೆ ಸೀಮೆಸುಣ್ಣ ಉಜ್ಜಿದೆ. ಹಿರಿಯರು ನನ್ನ ಕೈ ಹಿಡಿದು ನಿಲ್ಲಿಸಿದರು: ಹಳೆಯ ಕಲ್ಲಿನ ಮೇಲ್ಮೈ ಉಜ್ಜಿದಷ್ಟೂ ಉದುರುತ್ತದೆ. ಆ ತಪ್ಪು ಇಂದಿಗೂ ನನ್ನನ್ನು ನೋಯಿಸುತ್ತದೆ. ಅಂದಿನಿಂದ ಮೆತ್ತನೆಯ ಬ್ರಷ್, ಬರಿಯ ನೀರು ಮತ್ತು ಒಂದು ಉದ್ದನೆಯ ಕನ್ನಡಿಯಷ್ಟೇ ನನ್ನ ಸಾಮಗ್ರಿ. ಮರಗಳ ನೆರಳಿನಲ್ಲಿ ಬಿಸಿಲು ಬಿದ್ದ ಜಾಗ ಹುಡುಕಿ ಒಬ್ಬರು ಕನ್ನಡಿ ಹಿಡಿದು ನಿಂತು, ಬೆಳಕು ಕಲ್ಲನ್ನು ಪಕ್ಕದಿಂದ ಸವರಿಕೊಂಡು ಹೋಗುವಂತೆ ತಿರುಗಿಸಿದರೆ, ಸವೆದ ಕೆತ್ತನೆಯ ಒಳಗೆ ನೆರಳು ತುಂಬಿ ಅಕ್ಷರಗಳು ಎದ್ದು ಕಾಣುತ್ತವೆ.

1899ರಲ್ಲಿ ತೀರಿಹೋದ ಒಂದು ಮಗುವಿನ ಕಲ್ಲಿನಲ್ಲಿ ಹುಟ್ಟಿದ ವರ್ಷ 1893 ಎಂದಿದೆಯೋ 1898 ಎಂದಿದೆಯೋ ತಿಳಿಯಲಿಲ್ಲ. ಕಾಗದಪತ್ರಗಳಿಂದಲೂ ಉತ್ತರ ಸಿಗುವಂತಿರಲಿಲ್ಲ, ಏಕೆಂದರೆ ರಾಜ್ಯಮಟ್ಟದ ಮರಣ ನೋಂದಣಿ ಆರಂಭವಾದದ್ದು 1913ರಲ್ಲಿ, 1900ರ ಜನಗಣತಿಯವರು ಮನೆಬಾಗಿಲಿಗೆ ಬರುವ ಹೊತ್ತಿಗೆ ಮಗುವೇ ಇರಲಿಲ್ಲ. ಆ ಕಲ್ಲೊಂದೇ ಸಾಕ್ಷಿ. ಬೆಳಕನ್ನು ಎಡದಿಂದ, ಬಲದಿಂದ ಬಿಟ್ಟು ಅರ್ಧ ಗಂಟೆ ನೋಡಿದ ಮೇಲೆ ಅಂಕಿಯ ಎಡಬದಿ ತೆರೆದಿರುವುದು ಖಚಿತವಾಯಿತು. ಮೂರು. ವರ್ಷದ ಕೂಸಲ್ಲ, ಮನೆಯ ಅಂಗಳದಲ್ಲಿ ಓಡಾಡಿದ ಮಗು.

ಕೆತ್ತನೆಯೇ ಇಲ್ಲದ ಕಾಡುಗಲ್ಲುಗಳನ್ನು ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪೂರ್ವಕ್ಕೆ ಮುಖ ಮಾಡಿ ಸಾಲಾಗಿ ನಿಂತ, ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಎಂದು ನೆಟ್ಟ ಕಲ್ಲುಗಳು ಬಡವರ ಸಮಾಧಿಗಳೆಂಬುದನ್ನೂ, ನೆಲಕ್ಕೆ ಹರಡಿದ ನೀಲಿ ಹೂವಿನ ವಿಂಕಾ ಬಳ್ಳಿ ಹಳೆಯ ಸ್ಮಶಾನದ ಗುರುತೆಂಬುದನ್ನೂ ಹಿರಿಯರೇ ತೋರಿಸಿದರು. ಈಗ ಪ್ರತಿಯೊಂದರ ಉದ್ದ ಅಳೆದು, ನಕ್ಷೆಯಲ್ಲಿ ಸಂಖ್ಯೆ ಕೊಟ್ಟು, ಯಾರಾದರೂ ಹೆಸರು ಹೇಳಿದರೆ ಹೇಳಿದವರು ಯಾರು, ಯಾವಾಗ ಹೇಳಿದರು ಎಂಬುದನ್ನೂ ಬರೆದುಕೊಳ್ಳುತ್ತೇನೆ. ಕೇಳಿದ್ದನ್ನೂ ಕಲ್ಲಿನಲ್ಲಿ ಓದಿದ್ದನ್ನೂ ಒಂದೇ ಅಂಕಣದಲ್ಲಿ ಬೆರೆಸುವುದಿಲ್ಲ. ಮೇಲಿನ ಸಾಲಿನ ನಾಲ್ಕು ಕಲ್ಲುಗಳ ಎದುರು ಇನ್ನೂ ಜಾಗ ಖಾಲಿ ಬಿಟ್ಟಿದ್ದೇನೆ. ಮುಂದಿನ ವರ್ಷದ ದೋಣಿಯಲ್ಲಿ ಹಿರಿಯರ ಅಕ್ಕ ಬರುತ್ತಾರಂತೆ.