ಗೋಡೆಯಲ್ಲಿ ಪ್ರಮಾಣಪತ್ರ, ಮೇಜಿನ ಮೇಲೆ ಕಾರ್ಡು: ನನ್ನ ಅನುಭವ

ಮಂಗಳೂರಿನ ಕಂಕನಾಡಿಯ ಸಮೀಪ ನನ್ನ ಸ್ವಂತ ಸ್ಕ್ಯಾನಿಂಗ್ ಕೇಂದ್ರವನ್ನು ಆರಂಭಿಸಿದ ಮೊದಲ ತಿಂಗಳಲ್ಲೇ, ಬಂಟ್ವಾಳದ ಕಡೆಯಿಂದ ಬಂದ ಬೀಡಿ ಕಟ್ಟುವ ಹೆಂಗಸೊಬ್ಬರು ಪ್ಲಾಸ್ಟಿಕ್ ತೊಟ್ಟೆಯೊಂದರಿಂದ ಪಡಿತರ ಚೀಟಿ, ಆಭಾ ಕಾರ್ಡು ಮತ್ತು ಆಯುಷ್ಮಾನ್ ಕಾರ್ಡುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವರಿಗೆ ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಬೇಕಿತ್ತು. ಶುಲ್ಕ ಎಷ್ಟೆಂದು ಹೇಳಿದಾಗ ಅವರು, "ಐದು ಲಕ್ಷದ ಕಾರ್ಡ್ ಉಂಟಲ್ಲ ಡಾಕ್ಟ್ರೇ, ಮತ್ತೆ ಯಾಕೆ ದುಡ್ಡು?" ಎಂದು ಕೇಳಿದರು. ಅದಕ್ಕೆ ಉತ್ತರ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅದರ ಹಿಂದಿನ ಇಡೀ ವರ್ಷವನ್ನು ನಾನು ಇನ್ನೊಂದು ಬಗೆಯ ಕಾಗದಪತ್ರಗಳಿಗಾಗಿ ಕಳೆದಿದ್ದೆ.

ಎಂಬಿಬಿಎಸ್ ಮುಗಿಸಿ ಮೂರು ವರ್ಷಗಳ ಎಂಡಿ ರೇಡಿಯೋ ಡಯಾಗ್ನೋಸಿಸ್ (ಸ್ಕ್ಯಾನ್ ನೋಡಿ ರೋಗ ಗುರುತಿಸುವ ಸ್ನಾತಕೋತ್ತರ ಪದವಿ) ಮಾಡಿದವನಿಗೆ ಪದವಿಯೇ ಸಾಕು ಎಂದು ನಾನು ಭಾವಿಸಿದ್ದೆ. ಆ ಪದವಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಚ್ಚುವರಿ ವಿದ್ಯಾರ್ಹತೆಯಾಗಿ ನೋಂದಾಯಿಸಬೇಕು ಮತ್ತು ಆ ನೋಂದಣಿಯನ್ನು 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಕೇಂದ್ರಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಆಗಬೇಕು. ಅಲ್ಟ್ರಾಸೌಂಡ್ ಯಂತ್ರವಿದ್ದರೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಜಿಲ್ಲೆಯ ಸಕ್ಷಮ ಪ್ರಾಧಿಕಾರದಲ್ಲಿ ಕೇಂದ್ರ, ಯಂತ್ರ, ವೈದ್ಯ ಮೂರೂ ದಾಖಲಾಗಬೇಕು. ಇದೇ ಕಾಯ್ದೆಯ ನಿಯಮಗಳ ಪ್ರಕಾರ ಒಬ್ಬ ವೈದ್ಯ ಒಂದು ಜಿಲ್ಲೆಯಲ್ಲಿ ಹೆಚ್ಚೆಂದರೆ ಎರಡು ಕೇಂದ್ರಗಳಲ್ಲಿ ಮಾತ್ರ ಅಲ್ಟ್ರಾಸೌಂಡ್ ಮಾಡಬಹುದು. ನಮ್ಮಲ್ಲಿ ಮೂಲ್ಕಿ ದಾಟಿದರೆ ಹೆಜಮಾಡಿ, ಅಲ್ಲಿಂದ ಉಡುಪಿ ಜಿಲ್ಲೆ. ಹಾಗಾಗಿ ಹೆಚ್ಚೇನೂ ದೂರವಿಲ್ಲದ ಪಡುಬಿದ್ರಿಯಲ್ಲಿ ವಾರಕ್ಕೊಂದು ದಿನ ಕೆಲಸ ಮಾಡಲು ನಾನು ಬೇರೆಯೇ ಜಿಲ್ಲಾಡಳಿತದ ಮುಂದೆ ಬೇರೆಯೇ ಅರ್ಜಿ ಹಿಡಿದು ನಿಲ್ಲಬೇಕಾಯಿತು. ಗರ್ಭಿಣಿಯರ ಪ್ರತಿಯೊಂದು ಸ್ಕ್ಯಾನಿಗೂ ತುಂಬಬೇಕಾದ 'ಎಫ್' ನಮೂನೆಯಲ್ಲಿ ಒಂದು ಕಾಲಂ ಖಾಲಿ ಉಳಿದರೂ ಅದನ್ನು ಅಪರಾಧವೆಂದೇ ಪರಿಗಣಿಸುವುದುಂಟು. ಆದ್ದರಿಂದ ಆ ನಮೂನೆಗಳನ್ನು ದಿನದ ಕೊನೆಗೆ ನಾನೇ ಓದಿ ಸಹಿ ಹಾಕುತ್ತೇನೆ.

ವಿಕಿರಣ ಬಳಸುವ ಸಿಟಿ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಪಡೆಯುವುದು ಎಲ್ಲಕ್ಕಿಂತ ನಿಧಾನದ ಕೆಲಸವಾಗಿತ್ತು. ಯಂತ್ರ ಪೂರೈಸಿದವರು ಕೊಟ್ಟ ನಕ್ಷೆಯಲ್ಲಿ ಇಟ್ಟಿಗೆ ಗೋಡೆಯ ದಪ್ಪವಿತ್ತು. ನನ್ನ ಬಾಡಿಗೆ ಕಟ್ಟಡವಾದರೋ ಮುರಕಲ್ಲಿನದ್ದು, ಅಂದರೆ ಜಂಬಿಟ್ಟಿಗೆಯದ್ದು. ಲೆಕ್ಕವನ್ನು ಮತ್ತೆ ಮಾಡಿಸಿ, ಬಾಗಿಲಿಗೆ ಸೀಸದ ಹಾಳೆ ಹೊಡೆಸುವಷ್ಟರಲ್ಲಿ ಮಳೆಗಾಲವೂ ಮುಗಿದಿತ್ತು.

ಇಷ್ಟೆಲ್ಲ ಪ್ರಮಾಣಪತ್ರಗಳು ಗೋಡೆಯ ಮೇಲಿದ್ದರೂ ಆ ಹೆಂಗಸಿನ ಕಾರ್ಡನ್ನು ಒಪ್ಪಿಕೊಳ್ಳುವ ಅಧಿಕಾರ ನನಗಿರಲಿಲ್ಲ. ಆಭಾ ಕೇವಲ ಆರೋಗ್ಯ ದಾಖಲೆಯ 14 ಅಂಕಿಗಳ ಗುರುತಿನ ಸಂಖ್ಯೆ. ಅದರಿಂದ ಯಾವ ಬಿಲ್ಲೂ ಪಾವತಿಯಾಗುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯನ್ನು ಕೊಡುತ್ತದೆ ಎಂಬುದು ನಿಜ. ಆದರೆ ಆ ಹಣ ಬರುವುದು ನೋಂದಾಯಿತ ಆಸ್ಪತ್ರೆಯಲ್ಲಿ ದಾಖಲಾದ ರೋಗಿಯ ಚಿಕಿತ್ಸಾ ಪ್ಯಾಕೇಜಿಗೆ. ಸ್ಕ್ಯಾನಿನ ವೆಚ್ಚವೂ ಅದೇ ಪ್ಯಾಕೇಜಿನೊಳಗೆ ಅಡಗಿರುತ್ತದೆ. ಹಾಸಿಗೆಯೇ ಇಲ್ಲದ ನನ್ನಂಥ ಕೇಂದ್ರಕ್ಕೆ, ಹೊರರೋಗಿಯಾಗಿ ನಡೆದು ಬಂದವರ ಸ್ಕ್ಯಾನಿಗೆ, ಆ ಯೋಜನೆಯಲ್ಲಿ ಜಾಗವಿಲ್ಲ. ಇದನ್ನು ಅವರಿಗೆ ಆರೋಗ್ಯ ಕೇಂದ್ರದಲ್ಲೇ ಯಾರಾದರೂ ಹೇಳಿದ್ದರೆ ಎರಡು ಬಸ್ಸು ಬದಲಿಸಿ ಬರುವುದು ತಪ್ಪುತ್ತಿತ್ತು. ನಾನು ಚೀಟಿ ಬರೆದು ಅವರನ್ನು ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆ.

ಆ ಬಳಿಕ ನಾನು ಎರಡು ದಾರಿ ಹಿಡಿದೆ. ಮೊದಲನೆಯದು, ಯೋಜನೆಯಲ್ಲಿ ನೋಂದಾಯಿತವಾದ, ಸ್ವಂತ ಸಿಟಿ ಯಂತ್ರವಿಲ್ಲದ ಸಣ್ಣ ಆಸ್ಪತ್ರೆಯೊಂದರ ಜೊತೆ ಲಿಖಿತ ಒಪ್ಪಂದ. ಅಲ್ಲಿ ದಾಖಲಾದ ಕಾರ್ಡುದಾರರ ಸ್ಕ್ಯಾನನ್ನು ನಾನು ಮಾಡುತ್ತೇನೆ, ಹಣವನ್ನು ಆಸ್ಪತ್ರೆ ಕೊಡುತ್ತದೆ, ರೋಗಿಯಿಂದ ಒಂದು ಪೈಸೆಯನ್ನೂ ಪಡೆಯುವಂತಿಲ್ಲ. ದರ ಕಡಿಮೆ, ಪಾವತಿ ತಡ. ಆದರೂ ಯಂತ್ರ ಖಾಲಿ ನಿಲ್ಲುವುದಕ್ಕಿಂತ ಇದು ಲೇಸೆಂದು ನನ್ನ ಲೆಕ್ಕ.

ಎರಡನೆಯದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯವರು ಕಳುಹಿಸುವ ರೋಗಿಗಳ ಸ್ಕ್ಯಾನ್. ಗೋಡಂಬಿ ಕಾರ್ಖಾನೆಯ ಹೆಂಗಸರಿಂದ ಹಿಡಿದು ಅಂಗಡಿಗಳ ಹುಡುಗರವರೆಗೆ, ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದ ನೌಕರರು ಇದರಡಿ ಬರುತ್ತಾರೆ. ಅವರ ಸಂಬಳದಿಂದ ಶೇ. 0.75 ಕಡಿತವಾಗುತ್ತದೆ, ಮಾಲೀಕರು ಶೇ. 3.25 ಸೇರಿಸುತ್ತಾರೆ. ಇಲ್ಲಿ ರೆಫರಲ್ ಪತ್ರವೇ ಎಲ್ಲ. ಆರಂಭದಲ್ಲಿ, ಪತ್ರದಲ್ಲಿ ಹೊಟ್ಟೆಯ ಮೇಲ್ಭಾಗದ ಸ್ಕ್ಯಾನ್ ಎಂದಷ್ಟೇ ಇದ್ದ ರೋಗಿಗೆ, ಗಡ್ಡೆಯ ಅನುಮಾನ ಕಂಡುದರಿಂದ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರಾವಣ) ಕೊಟ್ಟು ಕಿಬ್ಬೊಟ್ಟೆಯನ್ನೂ ಸೇರಿಸಿ ಮಾಡಿದೆ. ವೈದ್ಯನಾಗಿ ಅದು ಸರಿಯಾದ ತೀರ್ಮಾನವೇ ಆಗಿತ್ತು. ಬಿಲ್ಲನ್ನು ಪರಿಶೀಲಿಸಿದ ಕಚೇರಿ, ಪತ್ರದಲ್ಲಿ ಬರೆದಿದ್ದಷ್ಟಕ್ಕೆ ಮಾತ್ರ ಹಣ ಕೊಟ್ಟು ಉಳಿದುದನ್ನು ಹೊಡೆದುಹಾಕಿತು. ಅಂದಿನಿಂದ ಇಂಥ ಸಂದರ್ಭದಲ್ಲಿ ರೋಗಿ ಇನ್ನೂ ಮೇಜಿನ ಮೇಲೆ ಮಲಗಿರುವಾಗಲೇ, ಕಳುಹಿಸಿದ ವೈದ್ಯರಿಗೆ ಫೋನು ಮಾಡಿ ತಿದ್ದಿದ ಪತ್ರದ ಚಿತ್ರವನ್ನು ತರಿಸಿಕೊಳ್ಳುತ್ತೇನೆ. ತುರ್ತು ಇದ್ದರೆ ಮೊದಲು ಸ್ಕ್ಯಾನ್, ಮತ್ತೆ ಪತ್ರ.

ಇನ್ನೊಂದು ತೊಡಕು ನಮ್ಮ ಕರಾವಳಿಯದ್ದೇ. ಪಡಿತರ ಚೀಟಿಯಲ್ಲಿ ಪೂಜಾರ್ತಿ ಎಂದೋ ಶೆಡ್ತಿ ಎಂದೋ ಇರುವ ಹೆಂಗಸರ ಹೆಸರು ಆಧಾರ್‌ನಲ್ಲಿ ಪೂಜಾರಿ ಅಥವಾ ಶೆಟ್ಟಿ ಎಂದಾಗಿರುತ್ತದೆ. ರೋಗಿ ಬಾಯಲ್ಲಿ ಹೇಳಿದ ಹೆಸರನ್ನೇ ನಮ್ಮ ಹುಡುಗ ಯಂತ್ರಕ್ಕೆ ಹಾಕಿದರೆ ಫಿಲ್ಮಿನ ಮೇಲೊಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಹೆಸರಾಗಿ ಯೋಜನೆಯಿಂದ ಹಣ ಕೋರಿದ ಆಸ್ಪತ್ರೆಯ ಅರ್ಜಿ ವಾಪಸಾಗುತ್ತದೆ. ಎರಡು ಸಲ ಹೀಗಾದ ಮೇಲೆ, ಆಧಾರ್ ನೋಡಿಯೇ ಹೆಸರು ಬರೆಯಬೇಕೆಂದು ಯಂತ್ರದ ಪಕ್ಕದಲ್ಲೇ ಚೀಟಿ ಅಂಟಿಸಿದ್ದೇವೆ. ನನ್ನ ವರದಿಯ ಕೆಳಗೆ ಹೆಸರು, ಪದವಿ, ಪರಿಷತ್ತಿನ ನೋಂದಣಿ ಸಂಖ್ಯೆ ಮೂರೂ ಅಚ್ಚಾಗಿರುತ್ತವೆ. ಸ್ಕ್ಯಾನ್ ತೆಗೆಯುವ ತಂತ್ರಜ್ಞರೇ ಡಾಕ್ಟರೆಂದು ಭಾವಿಸುವ ರೋಗಿಗಳಿಗೆ ಆ ಸಾಲನ್ನು ಬೆರಳಿಟ್ಟು ತೋರಿಸುತ್ತೇನೆ.

ಈಗ ಫೋನಿನಲ್ಲಿ ಸಮಯ ಕೇಳಿದವರಿಗೆ ನಮ್ಮ ಸ್ವಾಗತ ಮೇಜಿನವರು ಮೊದಲು ಕೇಳುವುದು, ಯಾವ ಕಾರ್ಡು ಮತ್ತು ಎಲ್ಲಿಯಾದರೂ ದಾಖಲಾಗಿದ್ದೀರಾ ಎಂದು. ಆಯುಷ್ಮಾನ್ ಕಾರ್ಡು ಇದ್ದು ದಾಖಲಾಗಿಲ್ಲವೆಂದರೆ, ಬಸ್ಸು ಹತ್ತುವ ಮೊದಲೇ ವೆನ್‌ಲಾಕ್‌ನಲ್ಲಿ ವಿಚಾರಿಸಿರೆಂದು ಹೇಳುತ್ತಾರೆ.