ಗುಳೇದಗುಡ್ಡದ ‘ಡ್ಡ’ ತುಂಡಾದಾಗ

ಬಾಗಲಕೋಟೆಯ ಅಂಗಡಿಯೊಂದರ ಗಾಜಿಗೆ ‘ಇಳಕಲ್ ಸೀರೆ, ಗುಳೇದಗುಡ್ಡ ಖಣ’ ಎಂದು ಸ್ಟಿಕರ್ ಮಾಡಿಕೊಡಬೇಕಿತ್ತು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ದಪ್ಪ ಅಕ್ಷರ ಜೋಡಿಸಿ, ಪಾತ್ (ಬರೀ ಗೆರೆಗಳ ಆಕೃತಿ) ಮಾಡಿ, ಆ ಗೆರೆಗಳ ಗುಂಟ ಬ್ಲೇಡಿನಿಂದ ಸ್ಟಿಕರ್ ಕತ್ತರಿಸುವ ಮಷಿನ್ನಿಗೆ ಕೊಟ್ಟೆ. ಮಷಿನ್ ನಡೆಸುವ ಹುಡುಗ ಫೋನ್ ಮಾಡಿದ: “ಸರ, ಅಕ್ಷರದ ನಡಬರಕ ಕತ್ತರಸಾಕತ್ತೈತ್ರಿ!” ‘ಗು’ವಿನ ಕೊಂಬು, ‘ಡ್ಡ’ದ ಒತ್ತು ಎರಡೂ ಬೇರೆಯಾಗಿ ಕಿತ್ತು ಬರುತ್ತಿದ್ದವು.

ಆ ಫಾಂಟಿನಲ್ಲಿ ಕೊಂಬು, ಒತ್ತು ಬೇರೆ ಬೇರೆ ಆಕೃತಿಗಳು. ಮೂಲ ಅಕ್ಷರದ ಮೇಲೆ ಸ್ವಲ್ಪ ಹತ್ತಿ ಕೂತಿರುತ್ತವೆ. ಬಣ್ಣ ತುಂಬಿದಾಗ ಒಂದೇ ಅನ್ನಿಸುತ್ತದೆ. ಬ್ಲೇಡಿಗೆ ಮಾತ್ರ ಒಳಗಿನ ಗೆರೆಯೂ ಗೆರೆಯೇ. ವ್ಯೂ ಮೆನುವಿನಲ್ಲಿ, ಬಣ್ಣವಿಲ್ಲದೆ ಬರೀ ಗೆರೆ ತೋರಿಸುವ ಔಟ್‌ಲೈನ್ ನೋಟ ಹಾಕಿದ ಮೇಲೆಯೇ ಅದು ನನ್ನ ಕಣ್ಣಿಗೆ ಬಿತ್ತು.

ಮೊದಲು ಕಂಬೈನ್ ಮಾಡಿ ನೋಡಿದೆ. ಅದು ಎಲ್ಲವನ್ನೂ ಒಂದೇ ಪಾತ್ ಮಾಡುತ್ತದೆ, ಒಳಗೆರೆ ಅಳಿಸುವುದಿಲ್ಲ. ಬೇಕಿದ್ದದ್ದು ಆಕೃತಿಗಳನ್ನು ಬೆಸೆದು ಒಂದಾಗಿಸುವ ಯೂನಿಯನ್. ಆಬ್ಜೆಕ್ಟ್ ಟು ಪಾತ್, ಅನ್‌ಗ್ರೂಪ್, ಆಮೇಲೆ ಎಲ್ಲ ಆಯ್ದುಕೊಂಡು ಕಂಟ್ರೋಲ್ ಜೊತೆ ಪ್ಲಸ್. ಒಳಗೆರೆ ಹೋಯಿತು, ಅಕ್ಷರಗಳ ಹೊಟ್ಟೆಯ ಖಾಲಿ ಜಾಗ ಹಾಗೇ ಉಳಿಯಿತು.

ಪಾತ್ ಆದಮೇಲೆ ಅಕ್ಷರ ತಿದ್ದಲಾಗದು. ಅದಕ್ಕೇ ಮೊದಲೇ ಪಠ್ಯದ ನಕಲೊಂದನ್ನು ಪುಟದ ಹೊರಗೆ ಇಟ್ಟಿದ್ದೆ. ಮರುದಿನ ಮಾಲೀಕರು ‘ಖಣ’ದ ಹಿಂದೆ ‘ಅಸಲಿ’ ಸೇರಿಸಲು ಹೇಳಿದಾಗ ಅದೇ ಕೈಹಿಡಿಯಿತು.