ಶಾಲಾ ವಾಲಿಬಾಲ್ ತಂಡದ ತರಬೇತಿಯ ಭಾರವನ್ನು ಅಳೆಯುವುದು ಹೇಗೆ

ತಾಲ್ಲೂಕು ಮಟ್ಟದ ಪಂದ್ಯಾವಳಿಯ ದಿನಾಂಕ ಗೊತ್ತಾದ ಕೂಡಲೇ ನಮ್ಮ ಅನೇಕ ಶಾಲೆಗಳಲ್ಲಿ ಮಳೆಗೆ ನಿಂತುಹೋಗಿದ್ದ ಅಭ್ಯಾಸವು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದು ಏಕಾಏಕಿ ಆರಂಭವಾಗುತ್ತದೆ. ಮಕ್ಕಳ ಮಂಡಿನೋವಿನ ಮೂಲವನ್ನು ಹುಡುಕುವವರು ಮೊದಲು ಈ ಹಠಾತ್ ಏರಿಕೆಯನ್ನೇ ನೋಡಬೇಕು.

ಭಾರವನ್ನು ಅಳೆಯಲು ಒಂದು ನೋಟ್‌ಬುಕ್ ಸಾಕು. ಅಭ್ಯಾಸ ಮುಗಿದು ಅರ್ಧ ಗಂಟೆಯ ನಂತರ ಪ್ರತಿ ಆಟಗಾರನೂ ತನಗಾದ ಶ್ರಮಕ್ಕೆ 0ಯಿಂದ 10ರೊಳಗೆ ಒಂದು ಅಂಕ ಕೊಡಲಿ. ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿ. 90 ನಿಮಿಷದ ಅಭ್ಯಾಸಕ್ಕೆ 6 ಅಂಕವೆಂದರೆ ಆ ದಿನದ ಭಾರ 540. ವಾರದ ಮೊತ್ತವು ಹಿಂದಿನ ವಾರಕ್ಕಿಂತ ಒಮ್ಮೆಲೇ ಒಂದೂವರೆ ಪಟ್ಟಾಗುತ್ತಿದ್ದರೆ ಒಂದು ದಿನದ ಅಭ್ಯಾಸವನ್ನು ಕೈಬಿಡಿ. ಅಂಕವನ್ನು ಒಬ್ಬೊಬ್ಬರನ್ನೇ ಕರೆದು ಕೇಳುವುದು ಒಳ್ಳೆಯದು, ಏಕೆಂದರೆ ಗೆಳೆಯರ ಎದುರು “ಏನಿಲ್ಲ ಸಾರ್, ಮೂರು” ಎಂದ ಹುಡುಗನೇ ಆಮೇಲೆ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾನೆ.

ಆದರೆ ಈ ಲೆಕ್ಕದಲ್ಲಿ ನೆಗೆತಗಳು ಕಾಣಿಸುವುದಿಲ್ಲ, ವಾಲಿಬಾಲ್‌ನಲ್ಲಿ ಮಂಡಿಗೆ ಬೀಳುವ ಪೆಟ್ಟಿನ ಹೆಚ್ಚಿನ ಪಾಲು ನೆಗೆತದಲ್ಲೇ ಇದೆ. ಹೊರಗೆ ಕುಳಿತ ಇಬ್ಬರಿಗೆ ಕಾಗದ ಕೊಟ್ಟು, ಸ್ಮ್ಯಾಶ್, ಬ್ಲಾಕ್, ಜಂಪ್ ಸರ್ವ್‌ಗಳ ಜೊತೆಗೆ ಸೆಟ್ಟರ್ ಹಾರಿ ಚೆಂಡು ಎತ್ತುವುದನ್ನೂ ಸೇರಿಸಿ, ಐದೈದು ಗೀಟುಗಳ ಕಟ್ಟಿನಲ್ಲಿ ಎಣಿಸಲು ಹೇಳಿ. ಒಂದೇ ಅಭ್ಯಾಸದಲ್ಲಿ, ಹಿಂದಿನ ಸಾಲಿನಲ್ಲಿ ರಕ್ಷಣೆಗಷ್ಟೇ ನಿಲ್ಲುವ ಲಿಬೆರೊ ಬೆರಳೆಣಿಕೆಯಷ್ಟು ಸಲ ಹಾರಿದ್ದರೆ, ಸ್ಮ್ಯಾಶ್ ಸಾಲಿಗೆ ಓಡೋಡಿ ಮರಳುವ ಉತ್ಸಾಹಿ ಹುಡುಗಿ ನೂರರ ಹತ್ತಿರ ಬಂದಿರಬಹುದು. ಮರುದಿನ ಇಬ್ಬರಿಗೂ ಒಂದೇ ಅಭ್ಯಾಸ ಕೊಡುವುದು ಸರಿಯಲ್ಲ.

ತಿಂಗಳಿಗೊಮ್ಮೆ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರದ ಗುರುತು ಹಾಕಿರಿ. ಹುಡುಗಿಯರು 12ರ, ಹುಡುಗರು 14ರ ಆಸುಪಾಸಿನಲ್ಲಿ ಸರ್ರನೆ ಬೆಳೆಯುವ ತಿಂಗಳುಗಳಲ್ಲಿ, ಮಂಡಿಚಿಪ್ಪಿನ ಕೆಳಗೆ ಸ್ನಾಯುರಜ್ಜು ಕೆಳಗಾಲಿನ ಮೂಳೆಗೆ ಅಂಟಿಕೊಂಡಿರುವ ಜಾಗವು ಇನ್ನೂ ಎಳೆಯದಾಗಿರುತ್ತದೆ. ಪದೇ ಪದೇ ಜಗ್ಗಿದರೆ ಅಲ್ಲಿ ನೋಯುವ ಗಂಟು ಕಾಣಿಸಿಕೊಳ್ಳುತ್ತದೆ. ವೈದ್ಯರು ಇದನ್ನು ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ಅಂಥವರಿಗೆ ನೆಗೆತ ಕಡಿಮೆ ಮಾಡಿಸಿ, ಪಾಸ್ ಮತ್ತು ನಿಂತು ಹೊಡೆಯುವ ಸರ್ವ್‌ನಲ್ಲಿ ತೊಡಗಿಸಿ. ಮೈ ಬಿಸಿಯಾದಾಗ ಮಾಯವಾಗಿ ಮರುದಿನ ಬೆಳಿಗ್ಗೆ ಮರಳುವ ನೋವನ್ನು “ಸರಿಹೋಯಿತು” ಎಂದು ಬಗೆಯದೆ ವೈದ್ಯರಿಗೆ ತೋರಿಸಿ.

ಇಳಿಯುವುದನ್ನೂ ಕಲಿಸಬೇಕು. ಎರಡೂ ಪಾದಗಳ ಮೇಲೆ, ಮಂಡಿ ಬಗ್ಗಿಸಿ, ಮಂಡಿಗಳು ಒಳಕ್ಕೆ ವಾಲದಂತೆ ಇಳಿದರೆ ಸದ್ದು ಕಡಿಮೆ. ‘ಧಪ್’ ಎಂದು ಕೇಳಿಸಿದರೆ ತಿದ್ದಿ. ಸಿಮೆಂಟ್ ನೆಲದಲ್ಲಿ ನೆಗೆತದ ಅಭ್ಯಾಸ ಬೇಡವೇ ಬೇಡ. ಬಲೆಯನ್ನೂ ಗಮನಿಸಿ: ಊರಿನ ಯುವಕ ಸಂಘದವರು 2.43 ಮೀಟರಿಗೆ ಕಟ್ಟಿಟ್ಟ ಬಲೆಯಲ್ಲೇ 14ರೊಳಗಿನವರನ್ನು ಆಡಿಸಿದರೆ, ಅವರು ಪ್ರತಿ ಚೆಂಡಿಗೂ ಪೂರ್ತಿ ಶಕ್ತಿ ಹಾಕಿ ಹಾರಬೇಕಾಗುತ್ತದೆ.

ವಾರಕ್ಕೆ ಕನಿಷ್ಠ ಒಂದು ದಿನ ಚೆಂಡು ಮುಟ್ಟದಿರಲಿ. ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ನಡುರಾತ್ರಿಯವರೆಗೆ ಆಡಿ ಬಂದವರಿಗೆ ಮರುದಿನದ ಬೆಳಗಿನ ಅಭ್ಯಾಸ ಬೇಡ. ನಿದ್ದೆಗೆಟ್ಟ ಕಾಲು ತಪ್ಪಾಗಿ ಇಳಿಯುತ್ತದೆ. ಪಂದ್ಯದ ಹಿಂದಿನ ಸಂಜೆ ಸರ್ವ್ ಮತ್ತು ಪಾಸ್ ಮಾತ್ರ ಮಾಡಿಸಿ, 40 ನಿಮಿಷಕ್ಕೆ ಬಲೆ ಬಿಚ್ಚಿಸಿ ಮಕ್ಕಳನ್ನು ಮನೆಗೆ ಕಳುಹಿಸಿ.